ಅಜ್ಜಿ ಮೊದಲು ಅದ್ದಿದ ಚಮಚ

ಲಂಡನ್ನಿನ ನ್ಯೂ ಮಾಲ್ಡನ್ ಹೈ ಸ್ಟ್ರೀಟಿನ ಒಂದು ಕೊರಿಯನ್ ಹೋಟೆಲಿನ ಮೇಲಿನ ರೂಮು ನನಗೆ ಸಿಗಬೇಕಿತ್ತು. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎನ್ನುವುದಕ್ಕೆ ನಮ್ಮ ಬಂಧುಗಳಲ್ಲಿ ಒಂದು ಕಥೆ ಓಡಾಡುತ್ತಿದೆ. ಅದನ್ನು ಹೊರಡಿಸಿದವರು ಪಿನ್ನರ್‌ನ ಮಾವ, ಅಮ್ಮನ ಅಣ್ಣ. ಆ ಕಥೆ ಸುಳ್ಳು. ನಿಜ ಹೇಳುವಷ್ಟು ಸಿಟ್ಟು ನನ್ನಲ್ಲಿ ಇನ್ನೂ ಉಳಿದಿದೆ.

ಎರಡು ಸಾವಿರದ ಇಸವಿಯ ಆಚೀಚೆ. ನಮ್ಮ ಮನೆ ಫೆಲ್ಥಮ್‌ನಲ್ಲಿ, ಅಪ್ಪನ ಕೆಲಸ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ. ನನ್ನ ಕಾಲೇಜು ಕಿಂಗ್‌ಸ್ಟನ್ ಕಡೆ. ನಾನು ಡಿಬೇಟ್ ತಂಡದಲ್ಲಿದ್ದೆ, ಡಿಬೇಟ್ ನಡೆಯುವುದು ಸಂಜೆ, ನಮ್ಮ ಮನೆಯ ಕಾನೂನು ಮಾತ್ರ ಕತ್ತಲಾಗುವ ಮೊದಲು ಹುಡುಗಿ ಒಳಗಿರಬೇಕು ಅಂತ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕು ಗಂಟೆಗೆ ಕತ್ತಲು. ಈ ಕಾನೂನು ಮಾಡಿದವರು ಉಡುಪಿಯ ಸೂರ್ಯನನ್ನು ನೋಡಿಕೊಂಡು ಮಾಡಿದ್ದು, ಇಲ್ಲಿಗೆ ತಿದ್ದುಪಡಿ ಬೇಕು ಎಂದು ವಾದಿಸಿದೆ. "ಸೂರ್ಯ ಎಲ್ಲ ಕಡೆ ಒಂದೇ" ಅಂದಳು ಅಮ್ಮ. ಇಂಥ ವಾದಕ್ಕೆ ಪ್ರತಿವಾದ ಎಲ್ಲಿಂದ ತರುವುದು?

ತಂಡದಲ್ಲಿ ನನ್ನ ಜೋಡಿಯಾಗಿದ್ದವಳು ಆ ಹೋಟೆಲಿನ ಮಗಳು. ಅವರು ಕೊರಿಯನ್ನರು, ಆದರೆ ಬಂದದ್ದು ಜಪಾನಿನ ಒಸಾಕಾದಿಂದ. ಅವಳ ಅಜ್ಜಿ ಸಣ್ಣ ಹುಡುಗಿಯಾಗಿ ಸಮುದ್ರ ದಾಟಿ ಅಲ್ಲಿಗೆ ಹೋದವರು, ಅವಳ ಅಪ್ಪ ಅಲ್ಲೇ ಹುಟ್ಟಿದವರು. ಅಲ್ಲಿಯೂ ಹೋಟೆಲು, ಇಲ್ಲಿಯೂ ಹೋಟೆಲು. ಬೋರ್ಡು ಕೊರಿಯನ್ ಅಕ್ಷರದಲ್ಲಿ, ಮನೆಯ ಮಾತು ಜಪಾನಿ. ಕೊರಿಯಾದ ಸಿಯೋಲ್‌ನಿಂದ ಬಂದ ಗಿರಾಕಿಗಳು ಗೆಳತಿಯ ಅಪ್ಪನ ಕೊರಿಯನ್ ಕೇಳಿ ನಗುತ್ತಿದ್ದರಂತೆ, ಲಂಡನ್ನಿನಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡ ಕೇಳಿ ಊರವರು ನಗುವ ಹಾಗೆ.

ಹೋಟೆಲಿನ ಮೇಲೆ ಅಕ್ಕಿ ಚೀಲ ಪೇರಿಸಿಟ್ಟ ಒಂದು ರೂಮಿತ್ತು. "ಚೀಲ ಕೆಳಗಿಳಿಸಿದರೆ ಹುಡುಗಿ ಮೇಲೆ ಹತ್ತಬಹುದು" ಎಂದು ಹೇಳಿದ್ದು ಅಜ್ಜಿಯೇ. ಕೊನೆಯ ವರ್ಷ ಅಲ್ಲಿದ್ದರೆ ಕಾಲೇಜು ಹತ್ತಿರ, ಡಿಬೇಟೂ ಉಳಿಯುತ್ತದೆ. ಅಪ್ಪನನ್ನು ಕೇಳಿದೆ.

"ಜನ ಎಂಥವರು ಅಂತ ಒಮ್ಮೆ ನೋಡಿ ಬರುವ" ಅಂದರು ಅಪ್ಪ.

ನೋಡಿ ಬರುವುದು! ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಹೆಣ್ಣಿನ ಬದಲು ಹೋಟೆಲು, ಅಷ್ಟೆ. ನೋಡುವುದೆಂದ ಮೇಲೆ ಮಾವ ಬೇಕೇ ಬೇಕು. ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ನೂ ಮಾವ ನೋಡದೆ ಒಳಗೆ ಬಂದದ್ದಿಲ್ಲ. ಪಿನ್ನರ್‌ನಲ್ಲಿ ಸ್ವಂತ ಮನೆ, ಅಕೌಂಟೆಂಟ್ ಕೆಲಸ, ನಮ್ಮವರ ಕೂಟಗಳಲ್ಲಿ ಭಾಷಣ. ಭಾಷಣದ ವಿಷಯ ಯಾವಾಗಲೂ ಒಂದೇ: ಜಗತ್ತೇ ಒಂದು ಕುಟುಂಬ.

ಆ ಮನೆಯವರು ನಮಗಾಗಿ ಮಾಡಿದ ತಯಾರಿ ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗಲಿಕ್ಕಿಲ್ಲ. ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಎಂದು ಗೆಳತಿಗೆ ಹೇಳಿದ್ದೆ. ಅವರ ಕಿಮ್ಚಿಗೆ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿಗೆ, ಸಿಗಡಿ ಬೀಳುತ್ತದೆ. ಸಾರಿನ ತಳ ಒಣಮೀನಿನದು. ಅಜ್ಜಿ ನಮಗೆಂದೇ ಸಿಗಡಿಯಿಲ್ಲದ ಕಿಮ್ಚಿ ಬೇರೆ ಹಾಕಿ ಹುಳಿ ಬರಲು ಬಿಟ್ಟರು. ಒಣಮೀನಿನ ಬದಲು ಅಣಬೆ ನೆನೆಸಿ ಸಾರಿನ ನೀರು ತೆಗೆದರು. ಮಾಂಸ ಬೇಯಿಸಿದ ಪಾತ್ರೆ ಎಂದು ಅಮ್ಮ ಹಿಂಜರಿದಾಳು ಎಂದು ನಾನು ಬಾಯಿ ತಪ್ಪಿ ಅಂದದ್ದಕ್ಕೆ ಹೊಸ ಗಡಿಗೆಯನ್ನೇ ಕೊಂಡು ತಂದರು. ಕಪ್ಪು ಮಣ್ಣಿನ ದಪ್ಪ ಗಡಿಗೆ. ಭಾನುವಾರ ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಬಾಗಿಲು ಹಾಕಿ, ಸಂಜೆ ಮತ್ತೆ ತೆರೆಯುವವರೆಗಿನ ತಮ್ಮ ವಿಶ್ರಾಂತಿಯ ಹೊತ್ತನ್ನು ನಮಗೆ ಕೊಟ್ಟರು.

ಮಾವ ಕೋಟು ಬಿಚ್ಚಿ ಕುರ್ಚಿಗೆ ಹಾಕುವ ಮೊದಲೇ ವಿಚಾರಣೆ ಶುರು. ಇಂಗ್ಲಿಷಿನಲ್ಲಿ ಗೆಳತಿಯ ಅಪ್ಪನನ್ನು ಕೇಳಿದರು, "ಹಾಗಾದರೆ ನೀವು ಜಪಾನಿನವರಾ, ಕೊರಿಯಾದವರಾ?"

"ಒಸಾಕಾದಲ್ಲಿ ಹುಟ್ಟಿದ್ದು. ಕೊರಿಯನ್."

"ಹುಟ್ಟಿದ್ದು ಸರಿ. ಮೂಲತಃ?"

ಮೂಲತಃ! ಪಿನ್ನರ್‌ನಲ್ಲಿ ಪಕ್ಕದ ಮನೆಯ ಮುದುಕ ಇದೇ ಪ್ರಶ್ನೆ ಕೇಳಿದ ಎಂದು ಮಾವ ಒಂದು ಇಡೀ ದೀಪಾವಳಿ ಊಟವನ್ನು ಬೈಗುಳದಲ್ಲಿ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡವಳು. ಮೇಜಿನ ಕೆಳಗೆ ಗೆಳತಿ ನನ್ನ ಕಾಲು ತುಳಿದಳು, ಸುಮ್ಮನಿರು ಅಂತ. ಅವಳ ಅಪ್ಪ ನಕ್ಕು ಅಡುಗೆಮನೆಗೆ ಹೋದರು.

ಗಡಿಗೆ ಬಂತು. ತೋಫು, ಅಣಬೆ, ಕೆಂಪು ಸಾರು, ಇನ್ನೂ ಕುದಿಯುತ್ತಿತ್ತು. ಮೇಜಿನ ನಡುವೆ ಇಟ್ಟರು. ಎಲ್ಲರ ಮುಂದೆ ಅನ್ನದ ಬಟ್ಟಲು, ಉದ್ದ ಹಿಡಿಯ ಚಮಚ. ಯಾರೂ ಮುಟ್ಟಲಿಲ್ಲ. ಆ ಮನೆಯ ಕ್ರಮ ಅದು: ಹಿರಿಯರು ಚಮಚ ಎತ್ತುವ ತನಕ ಉಳಿದವರು ಕಾಯಬೇಕು. ಹಿರಿಯರು ಅಂದರೆ ಅಜ್ಜಿ. ಅವರು ನಮ್ಮೆಲ್ಲರ ಕಡೆ ತಲೆ ಬಾಗಿಸಿ, ಚಮಚ ಗಡಿಗೆಗೆ ಅದ್ದಿ, ಒಂದು ಗುಟುಕು ಬಾಯಿಗಿಟ್ಟು, ಹದ ಸರಿಯಿದೆ ಎಂದು ತಲೆಯಾಡಿಸಿ, ಅದೇ ಚಮಚ ಮತ್ತೆ ಅದ್ದಿದರು. ಊಟ ಶುರುವಾಯಿತು, ಬನ್ನಿ ಎಂದು ಅರ್ಥ. ಅದಕ್ಕಿಂತ ದೊಡ್ಡ ಮರ್ಯಾದೆ ಅವರಲ್ಲಿಲ್ಲ.

ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಸಹ್ಯ ಇಲ್ಲ.

"ಎಂತದು ಮಾರಾಯ್ರೆ ಇದು" ಅಂದರು ಮಾವ, ಕನ್ನಡದಲ್ಲಿ, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು. "ಮುದುಕಿ ಇಡೀ ಗಡಿಗೆ ಎಂಜಲು ಮಾಡಿಬಿಟ್ಟಿತಲ್ಲ!"

ಗೆಳತಿಯ ಚಮಚ ಅರ್ಧದಲ್ಲಿ ನಿಂತಿತು. ಅವಳಿಗೆ ಗೊತ್ತಿದ್ದದ್ದು ಒಂದೇ ಕನ್ನಡ ಶಬ್ದ, ಅದು ಇದೇ. ಒಂದು ಡಿಬೇಟಿನ ಮೊದಲು ನನ್ನ ಜ್ಯೂಸ್ ಕ್ಯಾನಿನಿಂದ ಅವಳು ಕುಡಿದಾಗ ತಮಾಷೆಗೆ ಕಲಿಸಿದ್ದೆ. ಆಮೇಲೆ ಚಿಪ್ಸ್ ಹಂಚುವಾಗಲೆಲ್ಲ "ಎಂಜಲು, ಎಂಜಲು" ಎಂದು ಕಿರುಚಿ ನಗುತ್ತಿದ್ದೆವು. ಈಗ ಅವಳು ನಗಲಿಲ್ಲ.

ನಾನು ಬಾಯಿ ತೆರೆದೆ. "ಮಾವ, ಹೋದ ಕ್ರಿಸ್ಮಸ್ ಪಾರ್ಟಿಯಲ್ಲಿ ನಿಮ್ಮ ಬಾಸ್ ಕಚ್ಚಿದ ಬ್ರೆಡ್ಡು ಅದ್ದಿದ ಅದೇ ಚೀಸಿನ ಪಾತ್ರೆಗೆ ನೀವೂ ಬ್ರೆಡ್ಡು ಅದ್ದಿದಿರಿ. ಫೋಟೋ ಇದೆ. ಅದು ಎಂಜಲಲ್ಲವಾ?"

"ಅದು ಬೇರೆ."

"ಹೇಗೆ ಬೇರೆ?"

"ಆಫೀಸು ಅದು. ಆಫೀಸಿನಲ್ಲಿ ನಡೀತದೆ."

"ಅಂದರೆ ಸಂಬಳ ಕೊಡುವವರ ಬಾಯಿ ಶುದ್ಧ?"

"ಎಂತ, ಇಲ್ಲಿಯೂ ಡಿಬೇಟಾ? ಕಪ್ ಕೊಡ್ತಾರಾ ಗೆದ್ದರೆ?"

ಅಪ್ಪನ ಕಡೆ ನೋಡಿದೆ. ಶೆಡ್ಡಿನಲ್ಲಿ ಪಂಜಾಬಿ ಗೆಳೆಯನ ಫ್ಲಾಸ್ಕಿನ ಮುಚ್ಚಳದಲ್ಲೇ ಚಹಾ ಕುಡಿಯುವ ಅಪ್ಪ ಬರಿ ಅನ್ನ ಮತ್ತು ಕಿಮ್ಚಿ ತಿನ್ನುತ್ತಾ ಕೂತಿದ್ದರು. ಭಾವನ ಮುಂದೆ ಅವರಿಗೆ ಅಭಿಪ್ರಾಯ ಇರುವುದಿಲ್ಲ. ಮಾವನಿಗಿಂತ ಅಪ್ಪನ ಆ ಮೌನದ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು.

ಆಗ ಅಮ್ಮ ಚೀಲದಿಂದ ಸ್ಟೀಲ್ ಡಬ್ಬ ತೆಗೆದಳು. ಮೊಸರನ್ನ. ಬೇರೆಯವರ ಹೋಟೆಲಿಗೆ, ಅವರು ಕರೆದ ಊಟಕ್ಕೆ, ಮೊಸರನ್ನ ಕಟ್ಟಿಕೊಂಡು ಹೋಗುವ ಜನ ನಾವು. ಅಮ್ಮನ ಮನಸ್ಸಿನಲ್ಲಿ ಅದು ಅವಮಾನ ಅಲ್ಲ, ಮುನ್ನೆಚ್ಚರಿಕೆ. ಪರಿಸ್ಥಿತಿ ಕೆಟ್ಟಿದ್ದು ಅವಳಿಗೂ ತಿಳಿದಿತ್ತು. ತಿಳಿದೇ ಎದ್ದು, ಮೇಜು ಸುತ್ತಿ ಬಂದು, ಮೊದಲು ಅಜ್ಜಿಗೆ ಬಡಿಸಿದಳು. ನಮ್ಮ ಊರಿನ ಹೆಂಗಸರು ಬಡಿಸುವ ಹಾಗೇ ಬಡಿಸಿದಳು: ಚಮಚ ಬಟ್ಟಲಿಗೆ ತಾಗದಂತೆ, ಮೇಲಿನಿಂದ, ಥಪ್ ಎಂದು ಬಿಟ್ಟು. ತಾಗಿದರೆ ಉಳಿದದ್ದು ಎಂಜಲು. ಅದು ಅವಳ ಕೈಗೆ ಗೊತ್ತು, ತಲೆಯನ್ನು ಕೇಳುವುದೇ ಇಲ್ಲ.

ಅಜ್ಜಿ ಆ ಕೈಯನ್ನು ನೋಡಿದರು. ಮೊಸರನ್ನ ಪೂರ್ತಿ ತಿಂದರು. ಚೆನ್ನಾಗಿದೆ ಎಂದು ಮೊಮ್ಮಗಳ ಬಾಯಲ್ಲಿ ಹೇಳಿಸಿದರು. ಗಡಿಗೆಯ ಸಾರು ತಣಿದು ಮೇಲೆ ಕೆಂಪು ಎಣ್ಣೆ ಕಟ್ಟಿತು. ಆ ಮನೆಯವರೂ ಮತ್ತೆ ಅದಕ್ಕೆ ಚಮಚ ಹಾಕಲಿಲ್ಲ. ನಾನು ಮಾತ್ರ ತಿಂದೆ, ನಾಲಗೆ ಉರಿದು ಕಣ್ಣಲ್ಲಿ ನೀರು ಬರುವವರೆಗೆ, ಮಾವನ ಮುಖವನ್ನೇ ನೋಡುತ್ತಾ ತಿಂದೆ.

ವಾಪಸು ಬರುವಾಗ ಕಾರಿನಲ್ಲಿ ಮಾವನ ತೀರ್ಪು. "ಜನ ಒಳ್ಳೆಯವರು. ಕ್ಲೀನ್ ಇದ್ದಾರೆ. ಇರಲಿ ಹುಡುಗಿ ಅಲ್ಲಿ. ಅಡುಗೆ ಮಾತ್ರ ಬೇರೆ ಮಾಡಿಕೊಳ್ಳಲಿ."

ಅಪ್ಪ ತಲೆಯಾಡಿಸಿದರು. ನನಗೆ ಒಪ್ಪಿಗೆ ಸಿಕ್ಕಿತ್ತು! ನೋಡುವವರು ನಾವು, ಒಪ್ಪುವವರೂ ನಾವು. ಆ ಕಡೆಯವರೂ ನಮ್ಮನ್ನು ನೋಡುತ್ತಾ ಕೂತಿದ್ದರು ಎನ್ನುವುದು ಆ ಕಾರಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಾಲೇಜಿನಲ್ಲಿ ಗೆಳತಿ ಸಿಕ್ಕಿದಾಗ ನೆಲ ನೋಡುತ್ತಾ ಹೇಳಿದಳು, "ರೂಮು ಬೇಡ ಅಂತಿದ್ದಾರೆ ಅಜ್ಜಿ."

"ಆ ಶಬ್ದದ ಅರ್ಥ ಹೇಳಿದೆಯಾ?"

"ಇಲ್ಲ. ಶಬ್ದದ ವಿಷಯ ಅಲ್ಲ. ನಿನ್ನ ಅಮ್ಮನ ಕೈ."

ನಾನು ಅವತ್ತೇ ಹೋಟೆಲಿಗೆ ಹೋದೆ. ಅಜ್ಜಿ ಮೂಲೆಯ ಮೇಜಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗೆಳತಿ ನಮ್ಮಿಬ್ಬರ ಮಾತನ್ನು ಆಚೆ ಈಚೆ ದಾಟಿಸಿದಳು. ಅಜ್ಜಿ ಹೇಳಿದ್ದು ಇಷ್ಟು: ಒಸಾಕಾದಲ್ಲಿ ಅವರ ಕೊರಿಯನ್ ಓಣಿಯಾಚೆ ಜಪಾನಿಯವರ ಒಂದು ಅಂಗಡಿಯಿತ್ತು. ಅಂಗಡಿಯವಳು ಬಹಳ ನಯ, ಯಾವತ್ತೂ ಕೆಟ್ಟ ಮಾತಾಡಿದವಳಲ್ಲ. ಆದರೆ ಚಿಲ್ಲರೆಯನ್ನು ಉಳಿದವರ ಕೈಯಲ್ಲಿಡುತ್ತಿದ್ದಳು, ಇವರ ಅಂಗೈಗೆ ಮಾತ್ರ ಮೇಲಿನಿಂದ ಬೀಳಿಸುತ್ತಿದ್ದಳು. ಅಜ್ಜಿಯ ಗಂಡ ಬಾಡಿಗೆ ಮನೆ ಕೇಳಿಕೊಂಡು ಹೋದಲ್ಲೆಲ್ಲ ಮನೆಯವರು ನಯವಾಗಿಯೇ 'ಇಲ್ಲ' ಅಂದರಂತೆ. "ನಿನ್ನ ಅಮ್ಮನೂ ನಯದವಳು" ಅಂದರು ಅಜ್ಜಿ. "ಆ ಕೈ ನನಗೆ ಗೊತ್ತು."

ನನಗೆ ತಲೆ ಕೆಟ್ಟಿತು. ಇದು ತಪ್ಪು ಸಾಕ್ಷಿ! ಅಮ್ಮ ನನಗೂ ಹಾಗೇ ಬಡಿಸುತ್ತಾಳೆ, ಅಪ್ಪನಿಗೂ, ಮನೆಗೆ ಬಂದ ಪುರೋಹಿತರಿಗೂ. ಅದು ಕೀಳು ಎಂದು ಅಲ್ಲ, ಬಡಿಸುವ ರೀತಿಯೇ ಅದು. ಬೈಯಬೇಕಾದ್ದು ಮಾವನನ್ನು, ಸಿಕ್ಕಿಬಿದ್ದದ್ದು ಅಮ್ಮ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಪೂರ್ತಿ ಕೇಳಿದರು, ಬೆಳ್ಳುಳ್ಳಿ ಬಿಟ್ಟು ಕೇಳಿದರು.

"ಸರಿ. ಹಾಗಾದರೆ ನಿನ್ನ ಅಮ್ಮ ಗಡಿಗೆಯಿಂದ ತಿಂದಳಾ?"

"ಇಲ್ಲ."

"ನೀನು ತಿಂದೆ. ನೋಡಿದೆ. ಸಿಟ್ಟಿನಲ್ಲಿ ತಿಂದೆ, ಆದರೂ ತಿಂದೆ. ನೀನು ಮೇಲಿದ್ದರೆ ನಿನ್ನ ಅಮ್ಮ ಬರುತ್ತಾಳೆ. ಬರಬೇಕು, ಅಮ್ಮ ಅಲ್ಲವಾ? ನನ್ನ ಚಮಚ ಬಿದ್ದದ್ದನ್ನು ಅವಳು ಮುಟ್ಟುವುದಿಲ್ಲ. ಆಗ ಊಟಕ್ಕೆ ನಾನು ಎಲ್ಲಿ ಕೂರಲಿ?"

ಯಾವ ವಿಷಯಕ್ಕೂ ಪರವೂ ವಿರೋಧವೂ ಮಾತಾಡಬಲ್ಲೆ ಎಂದು ಬೀಗುತ್ತಿದ್ದವಳು ನಾನು. ಅಂಥವಳು ಚೀಲ ಹೆಗಲಿಗೇರಿಸಿ ಹೊರಟೆ. ಅವರ ಮೇಲೂ ಸಿಟ್ಟು ಬಂತು. ರೂಮು ಸಿಗದೆ ಅಲೆದವರು ಇನ್ನೊಬ್ಬಳಿಗೆ ರೂಮು ಇಲ್ಲ ಅನ್ನುವುದು ಯಾವ ನ್ಯಾಯ ಎಂದು ಬಸ್ಸಿನಲ್ಲಿ ಫೆಲ್ಥಮ್ ಬರುವ ತನಕ ಅವರ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಗೆಲ್ಲಲಿಲ್ಲ.

ರೂಮು ಬೇರೆಯವರಿಗೆ ಹೋಯಿತು ಎಂದಷ್ಟೇ ಮನೆಯಲ್ಲಿ ಹೇಳಿದೆ. ಹೇಗೂ ನಿಜ ಹೇಳಿದರೆ ಅಮ್ಮನಿಗೆ ತಾಗುತ್ತದೆ, ಮಾವನಿಗೆ ತಾಗುವುದಿಲ್ಲ. ಆದರೆ ಪಿನ್ನರ್‌ನಲ್ಲಿ ಮಾವನ ಮನೆಯ ದೀಪಾವಳಿ ಊಟಕ್ಕೆ ಹೋದಾಗ ಅವರು ನೆಂಟರ ಮುಂದೆ ಆ ರೂಮಿನ ಕಥೆ ಶುರು ಮಾಡಿದರು. "ನಾನೇ ಹೋಗಿ ನೋಡಿ ಹ್ಞೂಂ ಅಂದಿದ್ದೆ. ನಾವು ಬೇರೆಯವರ ಹಾಗೆ ಸಣ್ಣ ಮನಸ್ಸಿನವರಲ್ಲ. ಇವಳೇ ಕೊನೆಗೆ ಹೆದರಿ ಹಿಂದೆ ಸರಿದಳು."

ಎದ್ದೆ. ಅತ್ತೆ ಮೇಜಿನ ಮೇಲಿಟ್ಟಿದ್ದ ಸಾರಿನ ದೊಡ್ಡ ಪಾತ್ರೆಗೆ ನನ್ನ ಚಮಚ ಅದ್ದಿದೆ. ಕುಡಿದೆ. ಹದ ಸರಿಯಿದೆ ಎಂದು ತಲೆಯಾಡಿಸಿದೆ. ಮತ್ತೆ ಅದ್ದಿದೆ. "ಮಾವ, ಊಟ ಶುರು. ಬನ್ನಿ" ಅಂದೆ. ಆಮೇಲೆ ಅಂಗಡಿಯವಳ ಚಿಲ್ಲರೆಯಿಂದ ಹಿಡಿದು ಎಲ್ಲ ಹೇಳಿದೆ, ಇಂಗ್ಲಿಷಿನಲ್ಲಿ, ನೆಂಟರ ಮಕ್ಕಳಿಗೂ ತಿಳಿಯಲಿ ಅಂತ. ಅತ್ತೆ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಸಿಂಕಿಗೆ ಸಾರು ಸುರಿದ ಶಬ್ದ ಎಲ್ಲರಿಗೂ ಕೇಳಿಸಿತು. ಮಾವ ಮಜ್ಜಿಗೆ ಕಲಸಿಕೊಂಡರು.

ಕಾರಿನಲ್ಲಿ ಅಪ್ಪ ರಸ್ತೆ ನೋಡುತ್ತಿದ್ದರು. ಅಮ್ಮ ಅಂದಳು, "ನಾನು ನಿನಗೂ ಹಾಗೇ ಬಡಿಸುವುದಲ್ಲವಾ. ಆ ಅಜ್ಜಿಗೆ ಹೇಳಬೇಕಿತ್ತು."

"ಹೇಳಿದೆ."

"ಎಂತ ಅಂದರು?"

"ನೀನು ಬಂದರೆ ಊಟಕ್ಕೆ ತಾನು ಎಲ್ಲಿ ಕೂರಬೇಕು ಅಂತ ಕೇಳಿದರು."

"ಎಲ್ಲಿ ಅಂದರೆ?" ಅಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅದು ಅವರದೇ ಮನೆಯಲ್ಲವಾ ಮಾರಾಯ್ತಿ?"

"ಅದನ್ನೇ ಅವರು ಕೇಳಿದ್ದು, ಅಮ್ಮ" ಅಂದೆ. ಅಮ್ಮ ಕೈ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಳು.