ಎಲ್ಬಿಯಾ ಮತ ಹಾಕಲು ಹೋದದ್ದು

ಎಲ್ಬಿಯಾ ತೆಚೇರಾ ಉರುಗ್ವೆಯ ಮೊಂಟೆವಿಡಿಯೊ ಬಿಟ್ಟು, ನದಿ ದಾಟಿ ಪಕ್ಕದ ದೇಶದ ಬ್ಯೂನಸ್ ಐರಿಸ್‌ಗೆ ಬಂದಾಗ ಅವಳಿಗೆ ಇಪ್ಪತ್ತಾರು. ಮಿಲಿಟರಿ ಆಡಳಿತದ ಕಾಲ. ಗಂಡ ವಿಲ್ಮಾರ್‌ನ ಕೆಲಸ ಹೋಗಿತ್ತು. ಎರಡು ವರ್ಷ ಇದ್ದು ವಾಪಸಾಗೋಣ ಅಂತ ಬಂದವರು ಅಲ್ಲೇ ಬೇರೂರಿದರು. ವಿಲ್ಮಾರ್ ಅಲ್ಲೇ ಮಣ್ಣಾದ. ಮಕ್ಕಳಿರಲಿಲ್ಲ. ಎಲ್ಬಿಯಾ ಪ್ಯಾಂಟಿನ ಅಂಚು ಹೊಲಿದು, ಜಿಪ್ ಬದಲಿಸಿಕೊಡುವ ಗೂಡಿನಂಥ ಅಂಗಡಿ ಇಟ್ಟುಕೊಂಡಳು. ಮೂವತ್ತು ವರ್ಷವಾದರೂ ಬೀದಿಯವರಿಗೆ ಅವಳು ಬರೀ "ಉರುಗ್ವೆಯವಳು".

ಪರದೇಶದಲ್ಲಿ ಕೂತು ಮತ ಹಾಕುವ ಹಾಗಿರಲಿಲ್ಲ. ಅದಕ್ಕೇ ಊರಲ್ಲಿ ಚುನಾವಣೆಯಿದ್ದ ಆ ಅಕ್ಟೋಬರಿನಲ್ಲಿ ಅವಳೂ ಹಡಗು ಹತ್ತಿದಳು. ಹಡಗಿನ ತುಂಬ ಅವಳಂಥವರೇ. ಬಾವುಟ, ಡೋಲು, ಗದ್ದಲ.

"ಎಲ್ಬಿಯಕ್ಕಾ, ಐದು ವರ್ಷಕ್ಕೊಂದ್ಸಲ ಊರು ನೆನಪಾಗುತ್ತಾ ನಿಂಗೆ?" ಅಂತ ಬಡಗಿ ನೆಲ್ಸನ್ ಕೆಣಕಿದ.

"ನಿನ್ನ ಮುಖ ನೋಡಿದ್ರೆ ಅದೂ ಮರೆತುಹೋಗುತ್ತೆ, ಸುಮ್ನಿರೋ," ಅಂದಳು. ಅವಳೂ ನಕ್ಕಳು.

ದಡ ಮುಟ್ಟಿದ ಮೇಲೆ ಉಳಿದವರನ್ನೆಲ್ಲ ಕರೆದೊಯ್ಯಲು ಅವರವರ ಮನೆಯವರು ಬಂದಿದ್ದರು. ಎಲ್ಬಿಯಾ ಒಬ್ಬಳೇ ಬಸ್ಸು ಹಿಡಿದು, ತಾನು ಹುಟ್ಟಿದ ಬಡಾವಣೆಯ ಶಾಲೆಗೆ ಹೋಗಿ ಮತ ಹಾಕಿದಳು. ಮೇಜಿನಾಚೆಯ ಹುಡುಗಿ ಪಟ್ಟಿ ನೋಡಿ, "ಎಲ್ಬಿಯಾ ನಾಯಿರ್ ತೆಚೇರಾ ಒಲಿವೇರಾ" ಅಂತ ಪೂರ್ತಿ ಹೆಸರು ಓದಿದಳು. ಎಷ್ಟು ವರ್ಷವಾಗಿತ್ತೋ ಅದನ್ನು ಕೇಳಿ! ಇನ್ನೊಮ್ಮೆ ಓದಮ್ಮಾ ಅನ್ನಬೇಕೆನಿಸಿತು. ಹಿಂದೆ ಸಾಲು ಬೆಳೆದಿತ್ತು, ಸರಿದು ನಿಂತಳು.

ಎರಡು ದಿನ ನಾದಿನಿ ಸುಲ್ಮಾಳ ಮನೆಯಲ್ಲಿರುವುದೆಂದು ಮಾತಾಗಿತ್ತು. ಹೋದಾಗ ಸುಲ್ಮಾ ಅಂಗಳದಲ್ಲಿ ನೆರೆಹೊರೆಯವರೊಂದಿಗೆ ಕೂತಿದ್ದಳು. ಸೋರೆಬುರುಡೆಯಲ್ಲಿ ಬಿಸಿನೀರು ಹುಯ್ದು ನೆನೆಸಿದ ಕಹಿ ಎಲೆಯ ಕಷಾಯ, ಮಾಟೆ, ಕೈಯಿಂದ ಕೈಗೆ ಹೋಗುತ್ತಿತ್ತು. ಹೀರಲು ಎಲ್ಲರಿಗೂ ಅದೇ ಕೊಳವೆ. ಎಲ್ಬಿಯಾಳ ಸರದಿ ಬಂತು. ಅವಳು ಕೈ ಚಾಚಿದಳು.

"ಅಯ್ಯೋ, ನಿಮಗೆ ಇದು ಬೇಡ ಅತ್ತಿಗೆ. ನದಿ ಆ ಕಡೆಯವರಿಗೆ ಸಕ್ಕರೆ ಹಾಕಿದ್ದೇ ಆಗಬೇಕಲ್ಲ. ಕಾಫಿ ಮಾಡ್ತೀನಿ, ಇರಿ," ಎಂದು ಸುಲ್ಮಾ ಬುರುಡೆಯನ್ನು ಪಕ್ಕದವಳಿಗೆ ದಾಟಿಸಿದಳು. ಕೆಟ್ಟ ಮನಸ್ಸಿನಿಂದಲ್ಲ, ಉಪಚಾರಕ್ಕೆ. ಅಂಚಿಗೆ ಚಿನ್ನದ ಗೆರೆಯಿದ್ದ ಕಪ್ಪು ಬಂತು, ಕೆಳಗೆ ಸಾಸರು.

ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ತಾನೊಬ್ಬಳೇ ಕೂತು ಕಹಿ ಮಾಟೆಯನ್ನೇ ಕುಡಿಯುತ್ತೇನೆಂದು ಹೇಳಬಹುದಿತ್ತು. ಆದರೆ ಕಾಫಿ ಕುಡಿದಳು, ಚೆನ್ನಾಗಿದೆ ಅಂದಳು.

"ಅಂಗಡಿ ಬಿಟ್ಟು ಬಂದಿದೀನಿ, ಇವತ್ತೇ ಹೊರಡಬೇಕು."

"ಇದೇನು ಅತ್ತಿಗೆ, ಈಗಷ್ಟೇ ಬಂದ್ರಿ!" ಎಂದಳು ಸುಲ್ಮಾ. ಆದರೆ ಒತ್ತಾಯಿಸಲಿಲ್ಲ.

ಸಂಜೆಯ ಹಡಗಿನಲ್ಲಿ ಗುರುತಿನವರು ಯಾರೂ ಇರಲಿಲ್ಲ. ಮರುದಿನ ಅಂಗಡಿ ತೆರೆದಾಗ ಎದುರಿನ ತರಕಾರಿಯವನು, "ಏನಮ್ಮಾ ಉರುಗ್ವೆ, ನಿಮ್ಮವರು ಗೆದ್ದರಂತೆ?" ಅಂತ ಕೂಗಿದ.

"ಹೌದಂತೆ," ಎಂದಳು ಎಲ್ಬಿಯಾ, ಸೂಜಿಗೆ ದಾರ ಪೋಣಿಸುತ್ತ.