ನಮ್ಮ ಬೀದಿಯ ಪರದೆ ಸಂಘ

ನಾನು ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಎರಡನೆಯ ಬೇಸಿಗೆಯಲ್ಲಿ ಊರಾಚೆಯ ಬಯಲಿಗೆ ಸಿನಿಮಾ ಟೆಂಟು ಬಂತು. ಆಗಿನ್ನೂ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ಮಧ್ಯಾಹ್ನ ಇಳಿಯುತ್ತಲೇ ಒಬ್ಬ ಜಟಕಾದಲ್ಲಿ ತಮಟೆ ಬಡಿಸಿಕೊಂಡು ಬೀದಿಬೀದಿ ಸುತ್ತಿ, ಬಣ್ಣದ ಕಾಗದ ತೂರುತ್ತಾ ಹೋಗುತ್ತಿದ್ದ. ನನ್ನ ತವರು ಕಾನಕಾನಹಳ್ಳಿ ಸೀಮೆಯ ದೊಡ್ಡಆಲಹಳ್ಳಿ. ಅಲ್ಲಿ ನಾನು ಕಂಡಿದ್ದ ದೊಡ್ಡ ಚೋದ್ಯವೆಂದರೆ ತೊಗಲುಗೊಂಬೆಯಾಟ. ಆ ಕಾಗದ ನಮ್ಮ ಅಂಗಳಕ್ಕೆ ಬಿದ್ದ ದಿನದಿಂದ ರಾಗಿ ಬೀಸುವಾಗಲೂ ನನಗೆ ಟೆಂಟಿನದೇ ಧ್ಯಾನ.

ನಮ್ಮ ಮಾವ ಗೊಂಬೆ ಮಾಡುವವರಿಗೆ ಹಾಲೆಮರದ ದಿಮ್ಮಿ ಮಾರುತ್ತಿದ್ದರು. ಅವರದು ಮಾತು ಬಲು ಕಡಿಮೆ. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರು. ಅತ್ತೆಗೆ ಸಿನಿಮಾ ಎಂದರೆ ಆಗದು. ಬರೀ ನೆರಳು ನೋಡುವುದಕ್ಕೆ ಬಯಲಿನವರೆಗೆ ಯಾಕೆ ಹೋಗಬೇಕು, ಹಿತ್ತಿಲಿನ ನುಗ್ಗೆಮರಕ್ಕೂ ನೆರಳಿದೆಯಲ್ಲ ಎನ್ನುತ್ತಿದ್ದರು.

ಪಕ್ಕದ್ದು ಗೊಂಬೆ ಕಡೆಯುವ ಸಾಹೇಬರೊಬ್ಬರ ಮನೆ. ಅವರ ಹೆಂಡತಿ ನನ್ನ ಓರಗೆಯವಳು, ನೀರು ಸೇದುವಾಗ ನನ್ನ ಜೊತೆಗಾತಿ. ಅವಳಿಗೂ ಟೆಂಟಿನ ಆಸೆ ಹತ್ತಿತ್ತು. ಒಬ್ಬಳೇ ಬೇಡ, ನಾಲ್ಕು ಜನ ಹೆಂಗಸರು ಸೇರಿದರೆ ಹೋಗು ಎಂದು ಅವಳ ಗಂಡ ಹೇಳಿದ್ದರು. ನನ್ನ ಗಂಡನೂ ಅದನ್ನೇ ಹೇಳಿ, ಜೊತೆಗೆ ಹಿರಿಯರೊಬ್ಬರು ಇರಲೇಬೇಕು ಎಂದು ಸೇರಿಸಿದರು. ಅಂಥ ಹಿರಿಯರು ನಮ್ಮ ಬೀದಿಯಲ್ಲಿ ಸಿಗುವುದಿಲ್ಲವೆಂಬ ಧೈರ್ಯ ಅವರಿಬ್ಬರಿಗೂ.

ನಾಲ್ಕು ಜನ ಬೇಗ ಸಿಕ್ಕರು. ಎದುರು ಮನೆಯ ಹೂ ಕಟ್ಟುವ ಅಕ್ಕ ಕೇಳುವ ಮೊದಲೇ ಹೂಂ ಅಂದಳು. ಗಾಣದವರ ಮನೆಯ ಸೊಸೆಯೂ ಬಂದಳು. ಉಳಿದದ್ದು ಹಿರಿಯರು. ಆ ಕೆಲಸವನ್ನು ಪಕ್ಕದ ಮನೆಯವಳು ತನ್ನ ಮೇಲೆ ಹಾಕಿಕೊಂಡಳು. ಒಂದು ದಿನ ಅಲಸಂದೆಕಾಯಿ ಬಿಡಿಸುತ್ತಿದ್ದ ಅತ್ತೆಯ ಎದುರು ಬಂದು ಕೂತು, ತಾನೂ ಒಂದು ಹಿಡಿ ಬಿಡಿಸಿ, ಮೆಲ್ಲಗೆ ಮಾತು ತೆಗೆದಳು.

"ದೊಡ್ಡಮ್ಮ, ಬೀದಿ ಹೆಣ್ಮಕ್ಕಳೆಲ್ಲ ಟೆಂಟ್‌ಗೆ ಹೊಂಟವ್ರೆ. ಹೇಳೋರು ಕೇಳೋರು ಯಾರೂ ಇಲ್ಲ. ನೀವು ಚಿತ್ರ ನೋಡೋದೇ ಬ್ಯಾಡ. ಸುಮ್ಕೆ ಬಂದು ಕೂತು ನಮ್ ಮೇಲೆ ಒಸಿ ಕಣ್ಣಿಡಿ, ಸಾಕು."

ಅತ್ತೆ ಇನ್ನೆರಡು ಕಾಯಿ ಬಿಡಿಸಿದರು. "ಕಣ್ಣಿಡಾಕೆ ಬತ್ತೀನಿ," ಅಂದರು. "ನೋಡಾಕಲ್ಲ."

ಹೀಗೆ ನಮ್ಮ ಸಂಘ ಹುಟ್ಟಿತು. ಅತ್ತೆ ಅಂದೇ ಕಟ್ಟಳೆಗಳನ್ನೂ ಮಾಡಿದರು. ಮುದ್ದೆ ಸಾರು ಮಾಡಿಡದೆ ಯಾರೂ ಹೊರಡಕೂಡದು, ಎಲ್ಲರೂ ನಮ್ಮ ಜಗಲಿಯಲ್ಲಿ ಸೇರಿಯೇ ಹೋಗಬೇಕು, ಒಳಗೆ ಯಾರೂ ಬಾಯಿ ಬಿಡಕೂಡದು. ಈ ಕೊನೆಯದನ್ನು ಅವರೇ ಮೊದಲು ಮುರಿದರು. ಟೆಂಟಿನಲ್ಲಿ ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಗೋಣಿಯ ಪರದೆ ಕಟ್ಟಿದ್ದರು. ಅದನ್ನೇ ಹಿಡಿದುಕೊಂಡು ಬೀದಿಯ ಗಂಡಸರು ನಮಗೆ ಪರದೆ ಸಂಘ ಎಂದು ಹೆಸರಿಟ್ಟು ನಕ್ಕರು.

ಮೊದಲ ದಿನ ಅತ್ತೆ ಚಿತ್ರಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತರು. ಕಣ್ಣಿಡುತ್ತೇನೆಂದಮೇಲೆ ಇಡಬೇಕಲ್ಲ. ನಮ್ಮ ಮುಖಗಳ ಮೇಲೆ ಬೆಳಕು ಓಡಾಡುವುದನ್ನೂ ನಾವು ಬಾಯಿ ತೆರೆದು ಕೂತಿರುವುದನ್ನೂ ಸ್ವಲ್ಪ ಹೊತ್ತು ನೋಡಿದರು. ಅಷ್ಟರಲ್ಲಿ ಹೂವಿನಕ್ಕ ಬಿಕ್ಕತೊಡಗಿದಳು. ಇವಳು ಅಳುವಂಥದ್ದು ಅಲ್ಲಿ ಏನಾಗಿದೆ ಎಂದು ಅತ್ತೆ ತಿರುಗಿದರು. ತಿರುಗಿದವರು ಚಿತ್ರ ಮುಗಿಯುವವರೆಗೂ ನಮ್ಮ ಕಡೆ ನೋಡಲಿಲ್ಲ. ಹಿಂದಿರುಗುವಾಗ, ಹೂವಿನಕ್ಕನನ್ನು ಒಬ್ಬಳನ್ನೇ ಅಳಲು ಬಿಡಬಾರದೆಂದು ನೋಡಬೇಕಾಯಿತು ಎಂದರು. ನಾವು ಹೌದೆಂದೆವು.

ಪರದೆಯಾಚೆ, ಗಂಡಸರ ಕಡೆ, ಒಬ್ಬ ಬೆತ್ತ ಹಿಡಿದು ನಿಂತು ಚಿತ್ರದ ಕಥೆಯನ್ನು ಕೂಗಿ ಹೇಳುತ್ತಿದ್ದ. ಯಂತ್ರದ ಕಟಕಟ ಸದ್ದು, ನಡುವೆ ಗೋಣಿ. ನಮಗೆ ಅವನ ಅರ್ಧ ಮಾತೂ ಕೇಳುತ್ತಿರಲಿಲ್ಲ. ಆ ಕೊರತೆಯನ್ನು ಅತ್ತೆ ತುಂಬಿದರು. ಚಿತ್ರದಲ್ಲಿ ಯಾರು ಬಂದರೂ ಅವರಿಗೆ ನೆಂಟಸ್ತಿಕೆ ಹೊಂದಿಸುತ್ತಿದ್ದರು. ಇವನು ಅವಳ ಭಾವಮೈದುನ, ಆ ಮುದುಕಿ ಇವರ ದೊಡ್ಡತ್ತೆ, ಅದಕ್ಕೇ ಈ ಜಗಳ. ಮಾರನೆಯ ದಿನ ನಮ್ಮ ಕಥೆಗೂ ಗಂಡಸರ ಕಥೆಗೂ ತಾಳೆಯಾಗುತ್ತಿರಲಿಲ್ಲ. ನನ್ನ ಗಂಡ ಯಾರನ್ನು ಕಳ್ಳನೆಂದು ತಿಳಿದಿದ್ದರೋ ಅವನು ನಮ್ಮ ಲೆಕ್ಕದಲ್ಲಿ, ಹೆಂಡತಿಯ ತವರಿನವರ ಕಾಟಕ್ಕೆ ಮನೆ ಬಿಟ್ಟು ಹೋದ ಪಾಪದ ಅಳಿಯ. ನಮ್ಮ ಕಥೆಯೇ ಮೇಲೆಂದು ನಾನು ಈಗಲೂ ಹೇಳುತ್ತೇನೆ.

ಒಂದು ಶುಕ್ರವಾರ ಟೆಂಟು ತುಂಬಿತ್ತು. ಪಕ್ಕದ ಮನೆಯ ಸಾಹೇಬರು ಬಲವಂತ ಮಾಡಿ ನಮ್ಮ ಮಾವನನ್ನೂ ಕರೆತಂದಿದ್ದರು. ಮಾವ ತಲೆ ತಗ್ಗಿಸಿ ಗಂಡಸರ ಬಾಗಿಲಿನಿಂದ ಒಳಗೆ ಹೋದದ್ದನ್ನು ನಾನು ಕಂಡಿದ್ದೆ. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಕಥೆ ಹೇಳುವವನ ಗಂಟಲು ಕಟ್ಟಿತು. ಬೇಸಿಗೆಯೆಲ್ಲ ಕೂಗಿದ ಗಂಟಲು. ಕೆಮ್ಮಿ ಕೆಮ್ಮಿ ಕೊನೆಗೆ ಸುಮ್ಮನಾದ. ಇದು ಅತ್ತೆಗೆ ಗೊತ್ತಾಗಲಿಲ್ಲ. ಅವರು ಎಂದಿನಂತೆ, ಯಂತ್ರದ ಸದ್ದು ಮೀರುವ ಹಾಗೆ, ನಮಗೆ ಹೇಳುತ್ತಲೇ ಇದ್ದರು. ಚಿತ್ರದಲ್ಲಿ ರಾಜಕುಮಾರ ಕುದುರೆಯ ಪಕ್ಕ ನಿಂತು ಬಹಳ ಹೊತ್ತಿನಿಂದ ಬೀಳ್ಕೊಳ್ಳುತ್ತಿದ್ದ. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಗಂಡ ಹೊಂಟ ಅಂತ ಅಳ್ತಿಲ್ಲ ಕಣ್ರವ್ವಾ ಅವ್ಳು," ಅಂದರು ಅತ್ತೆ. "ಒಲೆ ಮೇಲೆ ಎಸರಿಟ್ಟು ಬಂದವ್ಳೆ. ಈ ಪುಣ್ಯಾತ್ಮ ಹೋಗ್ತೀನಿ ಹೋಗ್ತೀನಿ ಅಂತ ಇಲ್ಲೇ ನಿಂತವ್ನೆ."

ಇಡೀ ಟೆಂಟು ನಕ್ಕಿತು. ಅತ್ತೆ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪರದೆಯಾಚೆಯಿಂದ ಯಾರೋ, "ಹೇಳಿ ಕಣವ್ವಾ, ನಿಲ್ಲಿಸ್‌ಬ್ಯಾಡಿ," ಅಂದರು. ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, ಮಾವ ಬಂದಿದ್ದಾರೆಯೇ ಎಂದು ಕೇಳಿದರು. ಹೌದೆಂದೆ. ಅವರು ಬಾಯಿಂದ ಸೆರಗು ತೆಗೆದರು.

"ಮನೇಲಂತೂ ಕೇಳಾಕಿಲ್ಲ. ಇಲ್ಲಾದ್ರೂ ಕೇಳ್ಲಿ ಬುಡು."

ಹಾಗೆಂದು ದನಿ ಎತ್ತರಿಸಿದರು. ರಾಜಕುಮಾರನಿಗೂ ಮಂತ್ರಿಗೂ ಕುದುರೆಗೂ ಅಂದು ಸಿಕ್ಕ ಮಾತು ಇನ್ನಾವ ಊರಿನಲ್ಲೂ ಸಿಕ್ಕಿರಲಾರದು. ಅಳಬೇಕಾದ ಕಡೆಯಲ್ಲೂ ಜನ ನಕ್ಕರು. ಆದರೆ ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ತಾಯಿ ಹೊರಟಾಗ ಅತ್ತೆ ಏನೂ ಹೇಳಲಿಲ್ಲ. ಟೆಂಟಿನಲ್ಲಿ ಯಾರೂ ಕೆಮ್ಮಲೂ ಇಲ್ಲ.

ಮನೆಗೆ ಹಿಂದಿರುಗುವಾಗ ಮಾವ ಲಾಂದ್ರ ಹಿಡಿದು ಮುಂದೆ ಮುಂದೆ ನಡೆದರು. ಅವರ ಜೊತೆ ಕೂತಿದ್ದ ನನ್ನ ಗಂಡ ನೆಲ ನೋಡಿಕೊಂಡು ಬಂದರು. ಸಂಘ ಇವತ್ತಿಗೆ ಮುಗಿಯಿತೆಂದು ಪಕ್ಕದ ಮನೆಯವಳು ನನ್ನ ಕೈ ಹಿಸುಕಿ ತನ್ನ ಬಾಗಿಲಿಗೆ ಹೋದಳು. ಮಾವ ಕಾಲು ತೊಳೆದು ಊಟಕ್ಕೆ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ಹಿಡಿದುಕೊಂಡರು.

"ಆ ಮಂತ್ರಿ ಅವ್ಳಿಗೆ ಸೋದರಮಾವ ಅಂದ್ಯಲ್ಲ," ಅಂದರು. "ನಿಂಗೆಂಗೆ ಗೊತ್ತಾಯ್ತು?"

"ನಡಿಗೆ ನೋಡಿ. ಆಸ್ತಿ ಮಾತು ಬಂದಾಗ ನಮ್ಮಣ್ಣನೂ ಹಂಗೇ ನಡೀತಾನೆ."

ಮಾವ ನಕ್ಕರು. ಆ ಮನೆಗೆ ಬಂದು ಅಷ್ಟು ದಿನವಾಗಿದ್ದರೂ ಅವರು ನಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಮುಂದಿನ ಶುಕ್ರವಾರ ನಾವು ಜಗಲಿಯಲ್ಲಿ ಸೇರುವ ಹೊತ್ತಿಗೆ ಅವರು ಆಗಲೇ ಲಾಂದ್ರದ ಗಾಜು ಒರೆಸಿಟ್ಟುಕೊಂಡು ಕೂತಿದ್ದರು. ಟೆಂಟಿನ ಯಜಮಾನ ಅತ್ತೆಯನ್ನು ಮುಂದೆ ಬಂದು ನಿಂತು ಕಥೆ ಹೇಳುವಂತೆ ಬೇಡಿಕೊಂಡ. ಗಂಡಸರ ನಡುವೆ ನಿಲ್ಲುವವಳಲ್ಲ ನಾನು ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದರು. ಆದರೆ ಗೋಣಿಯ ಹತ್ತಿರಕ್ಕೆ ಸರಿದು ಕೂತರು. ಕಥೆ ಹೇಳುವವನ ಗಂಟಲು ಸರಿಯಾಯಿತು. ಅವನೂ ನಡುನಡುವೆ ನಿಲ್ಲಿಸಿ, ಈ ಕಡೆಯಿಂದ ನೆಂಟಸ್ತಿಕೆ ಏನೆಂದು ಬರುವವರೆಗೆ ಕಾಯುವುದನ್ನು ಕಲಿತ.

ಮಳೆ ಹಿಡಿಯಿತು, ಟೆಂಟು ಹೋಯಿತು. ಮರುವರ್ಷ ಅದು ಪಕ್ಕದ ಊರಾದ ಕ್ಲೋಸ್‌ಪೇಟೆಗೆ ಬಂದಾಗ ಸಂಘವೆಲ್ಲ ರೈಲು ಹತ್ತಿ ಹೋಗಿ, ಅಲ್ಲೇ ಹೂವಿನಕ್ಕನ ತಂಗಿಯ ಮನೆಯಲ್ಲಿ ಉಳಿದು ಬಂದೆವು. ಗಾಣದವರ ಸೊಸೆಗೆ ಮಕ್ಕಳಾದವು, ಅವೂ ಸೆರಗು ಹಿಡಿದು ಬಂದವು. ಕೆಲವು ವರ್ಷಗಳ ಮೇಲೆ ಮಾತಾಡುವ ಚಿತ್ರ ಬಂತು. ಅತ್ತೆ ಏನು ಹೇಳುತ್ತಾರೋ ಎಂದು ನಮಗೆಲ್ಲ ಕುತೂಹಲ. ಅರ್ಧ ಚಿತ್ರದವರೆಗೆ ಅವರು ತುಟಿ ಬಿಚ್ಚದೆ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, ಬೇಸರದಿಂದ ತಲೆಯಾಡಿಸಿದರು.

"ಇಷ್ಟೊಂದು ಮಾತಾಡೋರ ಮನೇಲಿ ಸೊಸೆ ಹೆಂಗವ್ವಾ ಬಾಳ್ತಾಳೆ?"

ಪಕ್ಕದ ಮನೆಯವಳು ನನ್ನ ತೊಡೆ ಚಿವುಟಿದಳು. ನಾನು ಚಿತ್ರದಿಂದ ಕಣ್ಣು ಕೀಳಲಿಲ್ಲ.