ಹದಿನೆಂಟು ಸೆಕೆಂಡಿನ ರಸ್ತೆ

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಟೇಪಕ್ಕ. ಕೈಚೀಲದಲ್ಲಿ ಸದಾ ಒಂದು ಅಳತೆ ಟೇಪು, ಒಂದು ಸ್ಟಾಪ್‌ವಾಚು, ಒಂದು ಟಾರ್ಚು ಇರುತ್ತವೆ. ಟೇಪು ಗಂಡನ ಟೈಲರಿಂಗ್ ಅಂಗಡಿಯದು. “ನಾನು ಜನರ ಮೈ ಅಳೆದು ಹೊಟ್ಟೆ ಹೊರೀತೀನಿ, ಇವಳು ನನ್ನ ಟೇಪಲ್ಲೇ ಊರೂರು ಅಳೀತಾಳೆ” ಎಂದು ಅವನು ಗಿರಾಕಿಗಳ ಮುಂದೆ ನಗುತ್ತಾನೆ. ನಗಲಿ ಬಿಡಿ, ಟೇಪು ಕೊಡುವವನೂ ಅವನೇ.

ಅವಳಿರುವುದು ಪ್ರವಾಸ ಏರ್ಪಡಿಸುವ ಒಂದು ಕಂಪನಿಯಲ್ಲಿ. ತಂಡ ಹೊರಡುವ ಎರಡು ವಾರ ಮೊದಲು ಇವಳು ಒಬ್ಬಳೇ ಆ ಊರಿಗೆ ಹೋಗುತ್ತಾಳೆ. ಇಳಿದುಕೊಳ್ಳುವ ಹೋಟೆಲಿನ ಮೆಟ್ಟಿಲಿನ ಎತ್ತರ ಅಳೆಯುತ್ತಾಳೆ, ಬೆಂಕಿ ಬಿದ್ದರೆ ಓಡಬೇಕಾದ ಹಿಂಬಾಗಿಲಿಗೆ ಬೀಗ ಜಡಿದಿದ್ದಾರೆಯೇ ಎಂದು ತಳ್ಳಿ ನೋಡುತ್ತಾಳೆ, ಬಿಸಿನೀರಿನ ನಲ್ಲಿಗೆ ಕೈಯೊಡ್ಡುತ್ತಾಳೆ, ಆಸ್ಪತ್ರೆಗೆ ಎಷ್ಟು ನಿಮಿಷ ಎಂದು ಟ್ಯಾಕ್ಸಿ ಹತ್ತಿ ಹೋಗಿಬರುತ್ತಾಳೆ. ವಾಪಸ್ಸು ಬಂದು ಅಪಾಯಗಳ ವರದಿ ಬರೆಯುತ್ತಾಳೆ.

ಮ್ಯಾನೇಜರಿಗೆ ಆ ವರದಿ ಓದುವುದೆಂದರೆ ತಲೆನೋವು. ಅವರಿಗೆ ಬೇಕಾದದ್ದು ಕಳ್ಳತನ, ಗಲಭೆ, ಬಿರುಗಾಳಿ. ಇವಳು ಬರೆಯುವುದು ಬಚ್ಚಲು.

“ಇದು ಮುಂದುವರಿದ ದೇಶ ಕಣ್ರೀ ಟೇಪಕ್ಕ” ಎನ್ನುತ್ತಾರೆ ಅವರು. “ಕರೆದ್ರೆ ಐದು ನಿಮಿಷಕ್ಕೆ ಪೊಲೀಸು, ಹತ್ತು ನಿಮಿಷಕ್ಕೆ ಆಂಬುಲೆನ್ಸು. ಇಲ್ಲಿ ಏನ್ರೀ ಆಗುತ್ತೆ?”

“ಇಲ್ಲಿ ಯಾರೂ ಚಾಕು ಹಾಕಲ್ಲ ಸಾರ್. ಒದ್ದೆ ಟೈಲ್ಸೇ ಸಾಕು.”

ಇದು ಪುಸ್ತಕ ಓದಿ ಬಂದ ಜ್ಞಾನವಲ್ಲ. ಈ ಕೆಲಸಕ್ಕೆ ಮೊದಲು ಅವಳು ದೊಡ್ಡ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ರೂಮು ಗುಡಿಸಿ, ಹಾಸಿಗೆ ಬದಲಾಯಿಸುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಕಳ್ಳನನ್ನು ಒಮ್ಮೆಯೂ ಕಾಣಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಜಾರಿ ಬಿದ್ದು, ಕೂಗಿದರೂ ಯಾರಿಗೂ ಕೇಳಿಸದೆ ಬಿದ್ದಲ್ಲೇ ಇದ್ದವರನ್ನು ಮೂರು ಸಲ ಎತ್ತಿದ್ದಾಳೆ. ಮೂರನೆಯವರು ಬದುಕಲಿಲ್ಲ. ಅಂದಿನಿಂದ ಅವಳಿಗೆ ಹೊಳೆಯುವ ನೆಲ ಕಂಡರೆ ಮೈಯೆಲ್ಲ ಉರಿಯುತ್ತದೆ.

ಈ ಸಲ ಹೊರಟದ್ದು ಅವಳ ಬಡಾವಣೆಯದೇ ಹಿರಿಯರ ಸಂಘ. ಹದಿನಾಲ್ಕು ಜನ, ನಾಲ್ಕು ದಿನ, ಕಡಲ ತೀರದ ಒಂದು ಪಟ್ಟಣ. ಹದಿನಾಲ್ಕರಲ್ಲಿ ಒಬ್ಬರು ಅವಳ ಅಮ್ಮ. ಅಮ್ಮನಿಗೆ ಎಪ್ಪತ್ತಾರು. ಯಾವುದೋ ಕಾಲದಲ್ಲಿ ರೈಲಿನ ಕಿಟಕಿಯಿಂದ ಸಮುದ್ರ ಕಂಡದ್ದು ಬಿಟ್ಟರೆ ಹತ್ತಿರ ಹೋದವರಲ್ಲ. “ಒಂದ್ಸಲ ಆ ನೀರಲ್ಲಿ ಕಾಲಿಟ್ಟು ಬಂದ್ರೆ ಸಾಕು, ಆಮೇಲೆ ನಿನ್ನ ಮನೆ ಬಿಟ್ಟು ಎಲ್ಲೂ ಕರ್ಕೊಂಡು ಹೋಗು ಅನ್ನಲ್ಲ” ಎಂದು ಒಂದು ತಿಂಗಳಿಂದ ಹಗಲೂ ಇರುಳೂ ಅದೇ ರಾಗ. ಹೊಸ ಚಪ್ಪಲಿ ಕೊಂಡಾಯಿತು, ನೀರಿನಲ್ಲಿ ಹಾಳಾಗದಂಥದ್ದು.

ಟೇಪಕ್ಕ ಹೋಗಿ ನೋಡಿದಳು. ಹೋಟೆಲು ಅಚ್ಚುಕಟ್ಟು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಇತ್ತು, ಹಿಂಬಾಗಿಲು ತಳ್ಳಿದರೆ ತೆರೆಯಿತು. ತಪ್ಪು ಹುಡುಕಲು ಹೋದವಳಿಗೇ ಬೇಸರವಾಗುವಷ್ಟು ಎಲ್ಲ ಸರಿಯಾಗಿತ್ತು. ಆದರೆ ಹೋಟೆಲಿಗೂ ಸಮುದ್ರಕ್ಕೂ ನಡುವೆ ನಾಲ್ಕು ಸಾಲಿನ ರಸ್ತೆ. ನಡುವೆ ನಿಲ್ಲಲು ಒಂದು ಕಟ್ಟೆಯೂ ಇಲ್ಲ. ನಡೆದು ದಾಟುವವರಿಗೆ ಹಸಿರು ದೀಪ ಉರಿಯುವುದು ಹದಿನೆಂಟು ಸೆಕೆಂಡು. ರಸ್ತೆಯ ಅಗಲ ಹದಿನಾಲ್ಕು ಮೀಟರು, ಹೆಚ್ಚುಕಡಿಮೆ ಮನೆಯ ಅಡುಗೆಕೋಣೆಯಿಂದ ಗೇಟಿಗಿರುವಷ್ಟೇ ದೂರ. ಆ ದೂರಕ್ಕೆ ಅಮ್ಮನಿಗೆ ಮೂವತ್ತೊಂದು ಸೆಕೆಂಡು ಬೇಕು. ಅಮ್ಮನಿಗೆ ಗೊತ್ತಾಗದ ಹಾಗೆ ಎಂದೋ ಅಳೆದಿಟ್ಟಿದ್ದಳು. ಅಮ್ಮನ ಹಾಗೆಯೇ ಹೆಜ್ಜೆ ಎಣಿಸುತ್ತ ದಾಟಿ ನೋಡಿದಳು. ಮೂರನೆಯ ಸಾಲಿಗೆ ಕಾಲಿಡುವಾಗ ಕೆಂಪು ದೀಪ ಬಂತು, ಕಾರೊಂದು ಮಂಡಿಯ ಹತ್ತಿರ ಬಂದು ನಿಂತಿತು.

ಬೇರೆ ಹೋಟೆಲು ನೋಡಿ ಎಂದು ಪಟ್ಟು ಹಿಡಿದಳು. ಮ್ಯಾನೇಜರು ಹಣೆ ಚಚ್ಚಿಕೊಂಡರು. ಆ ದಿನಗಳಿಗೆ ಇಡೀ ತೀರದಲ್ಲಿ ಇನ್ನೊಂದು ರೂಮು ಇರಲಿಲ್ಲ. ಹಾಗಾದರೆ ರಸ್ತೆ ದಾಟಿಸಲು ಒಬ್ಬರನ್ನು ಕಳಿಸಿ ಎಂದಳು. ಯಾರಿಗೂ ಬಿಡುವಿಲ್ಲ ಎಂದರು. ಅವಳಿಗೂ ಅದೇ ವಾರ ಇನ್ನೊಂದು ಊರಿನ ತಪಾಸಣೆ. ಕೊನೆಗೆ ಅವಳು ವರದಿಯ ಕೆಳಗೆ ಒಂದು ಸಾಲು ಬರೆದಳು: ‘ನಿಧಾನವಾಗಿ ನಡೆಯುವವರು ಹೋಟೆಲಿನ ಮುಂದಿನ ರಸ್ತೆಯನ್ನು ದಾಟಬಾರದು.’ ಆಫೀಸಿನವರು ಅದನ್ನು ಮುದ್ರಿಸಿ ಹದಿನಾಲ್ಕು ಜನರಿಗೂ ಒಂದೊಂದು ಪ್ರತಿ ಹಂಚಿದರು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡರು.

ಅಮ್ಮ ಯಾವತ್ತು ಇವಳ ಮಾತು ಕೇಳಿದ್ದಾರೆ? ದಾಟೇ ದಾಟುತ್ತಾರೆ ಎಂದುಕೊಂಡು ನಾಲ್ಕು ದಿನವೂ ಟೇಪಕ್ಕ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ಉತ್ತರ: “ಸಮುದ್ರ ಚೆನ್ನಾಗಿದೆ ಕಣೇ.”

ಐದನೆಯ ದಿನ ಮ್ಯಾನೇಜರು ಅವಳ ಮೇಜಿನ ಹತ್ತಿರ ಬಂದು ನಿಂತರು. “ನೋಡಿದ್ರಾ ಟೇಪಕ್ಕ? ಒಬ್ಬರದೂ ಒಂದು ಕೂದಲು ಕೊಂಕಿಲ್ಲ. ದಿನಾ ಎರಡೆರಡು ಸಲ ದಾಟಿದ್ರಂತೆ. ಕೈ ತೋರಿಸಿದ್ರೆ ಗಾಡಿಗಳು ತಾವಾಗೇ ನಿಂತವಂತೆ.”

ಈ ಕೆಲಸದ ಹಣೆಬರಹವೇ ಅದು. ಏನಾದರೂ ಆದರೆ ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ, ಏನೂ ಆಗದಿದ್ದರೆ ಸುಮ್ಮನೆ ಹೆದರಿಸಿದಿರಿ ಎನ್ನುತ್ತಾರೆ. ಅವಳಿಗೆ ಅವಮಾನವಾಯಿತು, ಅದರ ಹಿಂದೆಯೇ ಸಮಾಧಾನವೂ ಆಯಿತು. ಅಮ್ಮ ನೀರಿನಲ್ಲಿ ಕಾಲಿಟ್ಟು ಬಂದರಲ್ಲ, ಸಾಕು.

ಸಂಜೆ ಅಮ್ಮನ ಬ್ಯಾಗು ಬಿಚ್ಚಿ ಬಟ್ಟೆ ಒಗೆಯಲು ತೆಗೆಯುತ್ತಿದ್ದಾಗ ಹೊಸ ಚಪ್ಪಲಿ ಕೈಗೆ ಸಿಕ್ಕಿತು. ಎಲ್ಲವನ್ನೂ ತಿರುಗಿಸಿ ನೋಡುವ ಕೈ, ಅದನ್ನೂ ತಿರುಗಿಸಿ ನೋಡಿತು. ಒಂದು ಕಾಳು ಮರಳೂ ಇರಲಿಲ್ಲ.

“ಅಮ್ಮ, ನೀನು ನೀರಿಗೆ ಇಳೀಲಿಲ್ವಾ?”

“ಇಲ್ಲ ಕಣೇ. ಹೋಟೆಲ್ ಮುಂದೆ ಒಂದು ಬೆಂಚಿತ್ತು. ಅಲ್ಲೇ ಕೂತು ನೋಡ್ದೆ.”

“ನಾಲ್ಕು ದಿನಾನೂ?”

“ನೀನೇ ಬರ್ದಿದ್ಯಲ್ಲ, ದಾಟಬಾರದು ಅಂತ.”

“ಬೇರೆಯವರೆಲ್ಲ ದಾಟಿದ್ರಲ್ಲಮ್ಮ! ನಿನ್ನನ್ನ ಯಾರೂ ಕರೀಲಿಲ್ವಾ?”

“ಕರೆದ್ರು. ಕೈ ಹಿಡ್ಕೊಂಡು ಎಳೆದ್ರು. ನಿನ್ನ ಮಗಳಿಗೇನು ತಲೆ ಕೆಟ್ಟಿದೆಯಾ ಅಂತ ನಕ್ಕರು.” ಅಮ್ಮ ಕಾಲು ನೀವಿಕೊಂಡರು. “ನಾನೂ ಅವರ ಹಿಂದೆ ದಾಟ್ಬಿಟ್ಟಿದ್ರೆ ನಿನ್ನ ಬರವಣಿಗೆಗೆ ಏನು ಬೆಲೆ ಇರ್ತಿತ್ತು ಹೇಳು?”

ಟೇಪಕ್ಕ ಚಪ್ಪಲಿ ಹಿಡಿದುಕೊಂಡೇ ಕುಳಿತುಬಿಟ್ಟಳು. ಅಳು ಬಂತು, ನಾಚಿಕೆಯೂ ಆಯಿತು. ಗಂಡ ಹೊಲಿಗೆ ಬಿಟ್ಟು ಬಾಗಿಲಲ್ಲಿ ಬಂದು ನಿಂತವನು, ಆ ಒಂದು ಸಲ ತಮಾಷೆ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ತಾಯಿ ಮಗಳು ಹೊರಟರು. ಎರಡೂವರೆ ಗಂಟೆಯ ದಾರಿ. ಅದೇ ಹೋಟೆಲಿನ ಮುಂದೆ ಇಳಿದು ಹಸಿರು ದೀಪಕ್ಕೆ ಕಾದರು. ದೀಪ ಬಂದೊಡನೆ ಟೇಪಕ್ಕ ಅಮ್ಮನ ತೋಳು ಹಿಡಿದು ರಸ್ತೆಗೆ ಇಳಿದಳು. ಅವಳ ಲೆಕ್ಕ ತಪ್ಪಲಿಲ್ಲ. ಮೂರನೆಯ ಸಾಲಿಗೆ ಬಂದಾಗ ಕೆಂಪು. ಅವಳು ಅಮ್ಮನ ತೋಳು ಬಿಡದೆ, ಗಾಡಿಗಳ ಕಡೆ ತಿರುಗಿ, ಇನ್ನೊಂದು ಕೈ ಅಗಲಕ್ಕೆ ಚಾಚಿ ನಿಂತುಬಿಟ್ಟಳು. ಲಾರಿಯೊಂದು ಹಾರ್ನು ಬಾರಿಸುತ್ತ ಗಕ್ಕನೆ ನಿಂತಿತು.

“ಏನ್ರೀ, ಕೆಂಪು ಲೈಟು ಕಾಣಲ್ವಾ?” ಲಾರಿಯವನು ತಲೆ ಹೊರಗೆ ಹಾಕಿ ಕಿರುಚಿದ.

“ಕಾಣುತ್ತಪ್ಪ. ಇವರು ದಾಟ್ಲಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ.”

ಅವನು ಬೈದ. ಹಿಂದಿನ ನಾಲ್ಕು ಕಾರಿನವರೂ ಬೈದರು. ಅಮ್ಮ ಯಾರ ಕಡೆಗೂ ತಿರುಗದೆ, ತಮ್ಮ ಮೂವತ್ತೊಂದು ಸೆಕೆಂಡನ್ನೂ ಪೂರ್ತಿ ತೆಗೆದುಕೊಂಡು ಆಚೆ ದಡ ಸೇರಿದರು.

ಮರಳಿನಲ್ಲಿ ನಡೆಯುವುದು ಇನ್ನೂ ನಿಧಾನವಾಯಿತು. ಬಟ್ಟೆಯ ಅಂಚು ಎತ್ತಿ ಹಿಡಿದು ಅಮ್ಮ ನೀರಿಗೆ ಇಳಿದರು, ಪಾದ ಮುಳುಗುವಷ್ಟು. ಟೇಪಕ್ಕ ಪಕ್ಕದಲ್ಲೇ ನಿಂತಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತು ಈಗ ಬಾಯಿಗೆ ಬಂತು.

“ತಪ್ಪು ನಂದೇ ಅಮ್ಮ. ದಾಟಬಾರದು ಅಂತ ಬರೆದು ಕೈ ತೊಳ್ಕೊಂಡೆ. ಹೇಗೆ ದಾಟ್ಬೇಕು ಅಂತ ಬರೀಲಿಲ್ಲ. ನಿನ್ನ ನಾಲ್ಕು ದಿನಾನ ನಾನೇ…”

“ಸುಮ್ನಿರೇ” ಎಂದರು ಅಮ್ಮ, ನೀರಿನಿಂದ ಕಣ್ಣು ತೆಗೆಯದೆ. “ಇನ್ನೊಂದು ಅಲೆ ಬರ್ತಾ ಇದೆ.”